ಸಹಾಯ ಬೇಕು: ಗುಲಾಬಿ ಚಿಪ್ಪುಗಳ ಕೊನೆಯ ಗೆರೆ ಎಲ್ಲಿ ಹಾಕಲಿ?

ಅರಬ್ಬಿ ಸಮುದ್ರದ ತಳದ ಕೆಸರಿನ ಕೋರ್ (ಕೊಳವೆ ಇಳಿಸಿ ಪದರ ಪದರವಾಗಿ ತೆಗೆದ ಕೆಸರಿನ ಕಂಬ) ಒಂದರ ವಯಸ್ಸು ಗೊತ್ತು ಮಾಡಬೇಕಿದೆ. ಎಂ.ಎಸ್ಸಿ ಪ್ರಾಜೆಕ್ಟ್. ಮೇಲಿನ ಭಾಗಕ್ಕೆ ಫೊರಾಮಿನಿಫೆರಾ (ಚಿಪ್ಪಿರುವ ಏಕಕೋಶ ಜೀವಿಗಳು) ಚಿಪ್ಪುಗಳಿಂದ ರೇಡಿಯೋಕಾರ್ಬನ್ ವಯಸ್ಸು ಸಿಕ್ಕಿದೆ. ಆದರೆ ಅದು ಸುಮಾರು 50,000 ವರ್ಷದಾಚೆ ನಡೆಯುವುದಿಲ್ಲ ಅಲ್ವಾ?

ಕೆಳಭಾಗಕ್ಕೆ ಗ್ಲೋಬಿಜೆರಿನಾಯ್ಡಿಸ್ ರೂಬರ್ ಎಂಬ ಫೊರಾಮಿನಿಫೆರಾದ ಗುಲಾಬಿ ಬಗೆಯನ್ನೇ ನಂಬಿದ್ದೇನೆ. ಅಟ್ಲಾಂಟಿಕ್‌ನಲ್ಲಿ ಅದು ಈಗಲೂ ಬದುಕಿದೆ. ಹಿಂದೂ ಮಹಾಸಾಗರ ಮತ್ತು ಪೆಸಿಫಿಕ್‌ನಲ್ಲಿ ಮಾತ್ರ ಸುಮಾರು 1,20,000 ವರ್ಷಗಳ ಹಿಂದೆ ಮಾಯವಾಯಿತು. ಅದು ಕೊನೆಯಾಗುವ ಪದರ ಸಿಕ್ಕರೆ ವಯಸ್ಸು ಸಿಕ್ಕಂತೆ.

ತೊಂದರೆ ಇಲ್ಲೇ. ಒಂದು ಪದರದವರೆಗೆ ಗುಲಾಬಿ ಚಿಪ್ಪು ಜಾಸ್ತಿ ಇದೆ, ಆಮೇಲೆ ಥಟ್ಟನೆ ಕಡಿಮೆ. ಆದರೂ ಅದಕ್ಕಿಂತ ಮೇಲೆ ಅಲ್ಲೊಂದು ಇಲ್ಲೊಂದು ಕಾಣಿಸುತ್ತಿದೆ. ಹಿಂದಿನ ಸ್ಯಾಂಪಲ್‌ನ ಚಿಪ್ಪು ಜರಡಿಯಲ್ಲಿ ಉಳಿದದ್ದಿರಬಹುದು ಅಂತ ಪ್ರತಿ ಸಲ ಜರಡಿಯನ್ನು ಮೆಥಿಲೀನ್ ಬ್ಲೂ ಬಣ್ಣದಲ್ಲಿ ಅದ್ದಿದೆ. ಹಾಗೆ ಉಳಿದ ಚಿಪ್ಪಾಗಿದ್ದರೆ ನೀಲಿಯಾಗಬೇಕಿತ್ತು, ಆಗಲಿಲ್ಲ. ಹುಳುಗಳು ಕೆಸರು ಕಲಕಿ ಮೇಲಕ್ಕೆ ತಂದಿರಬಹುದು ಅನ್ನೋದು ಗೈಡ್ ಮಾತು. ವಯಸ್ಸನ್ನು ಇನ್ನೊಂದು ದಾರಿಯಲ್ಲಿ ತಾಳೆ ನೋಡಲು ಚಿಪ್ಪುಗಳ ಆಕ್ಸಿಜನ್ ಐಸೋಟೋಪ್ ಪರೀಕ್ಷೆ ಮಾಡಿಸಲು ಸದ್ಯಕ್ಕೆ ದುಡ್ಡಿಲ್ಲ.

1,20,000 ವರ್ಷದ ಗೆರೆಯನ್ನು ಚಿಪ್ಪುಗಳು ಥಟ್ಟನೆ ಕಡಿಮೆಯಾಗುವ ಪದರಕ್ಕೆ ಹಾಕಬೇಕಾ, ಅಥವಾ ಕಟ್ಟಕಡೆಯ ಒಂಟಿ ಚಿಪ್ಪು ಸಿಕ್ಕಿದ ಪದರಕ್ಕಾ? ಇಂಥ ಕೋರ್ ನೋಡಿದವರು ದಯವಿಟ್ಟು ಕಾರಣದ ಜೊತೆ ತಿಳಿಸಿ.