ಪಾಸ್ತಾ ಮಧ್ಯದಲ್ಲಿ ಗಟ್ಟಿ ಇತ್ತು, ಸರಿಯಾಗಿ ಬೆಂದಿರ್ಲಿಲ್ವಾ?

ಹೊಸರುಚಿ: ಮೊನ್ನೆ ಮೊದಲ್ನೇ ಸಲ ಈ ಕೌಂಟರಲ್ಲೇ ನಿಂತು ಆರ್ಡರ್ ಮಾಡೋ ಇಟಾಲಿಯನ್ ಪಾಸ್ತಾ ಜಾಗಕ್ಕೆ ಹೋಗಿದ್ದೆ. ಯಾವ ಶೇಪ್ ಅಂತಾರೆ, ಯಾವ ಸಾಸ್ ಅಂತಾರೆ, ಚೀಸ್ ಹಾಕ್ಲಾ ಅಂತಾರೆ, ಹಿಂದೆ ಕ್ಯೂ ಬೆಳೀತಾನೇ ಇದೆ, ನಂಗೆ ಒಂದು ಹೆಸರೂ ಗೊತ್ತಿಲ್ಲ, ಗಾಬರೀಲಿ ಸ್ಪಗೆಟಿ ಜೊತೆ ದಪ್ಪ ದಪ್ಪ ತರಕಾರಿ ಇರೋ ಟೊಮೆಟೊ ಸಾಸ್ ಹೇಳ್ಬಿಟ್ಟೆ. ಐದೇ ನಿಮಿಷಕ್ಕೆ ನಂಬರ್ ಕೂಗಿದ್ರು. ಕಚ್ಚಿದ್ರೆ ಮಧ್ಯದಲ್ಲಿ ಗಟ್ಟಿ, ಫ್ರೆಂಡ್ ಜೊತೆ ಮಾತಾಡ್ತಾ ಅರ್ಧ ತಿನ್ನೋಷ್ಟರಲ್ಲಿ ಎಲ್ಲಾ ಅಂಟ್ಕೊಂಡು ಉಂಡೆ ಆಗಿತ್ತು, ತರಕಾರಿ ತಳದಲ್ಲೇ ಉಳೀತು. ತಪ್ಪು ನಂದಾ ಅವ್ರದ್ದಾ? ಇನ್ನೊಂದು, ನಾನು ಮಾಂಸ ಮೊಟ್ಟೆ ಎರಡೂ ತಿನ್ನಲ್ಲ, ಏನೇನ್ ಕೇಳ್ಕೋಬೇಕು?

ಬಿಸಿಬಾಣಲೆ: ಇಂಥದ್ದೇ ಒಂದು ಕಿಚನ್ನಲ್ಲಿ ಎರಡು ವರ್ಷ ಇದ್ದೆ, ಹೇಳ್ತೀನಿ ಕೇಳಿ. ಸ್ವಲ್ಪ ಗಟ್ಟಿ ಇರೋದು ಬೇಕಂತಲೇ. ಅದಕ್ಕೆ ಅಲ್ ದೆಂತೆ ಅಂತಾರೆ, ಹಲ್ಲಿಗೆ ಸಿಗೋ ಹದ. ಆದ್ರೆ ಒಂದು ಎಳೆ ಕಚ್ಚಿ ನೋಡಿ, ಒಳಗೆ ಬಿಳಿ ಚುಕ್ಕೆ ದಪ್ಪಗೆ ಕಂಡು ಹಿಟ್ಟು ಹಿಟ್ಟು ಅನ್ಸಿದ್ರೆ ಬೆಂದಿಲ್ಲ, ಇನ್ನೊಂದ್ ನಿಮಿಷ ಬೇಯಿಸಿಕೊಡಿ ಅಂತ ವಾಪಸ್ ಕೊಡಿ, ಯಾರೂ ಬೇಜಾರ್ ಮಾಡ್ಕೊಳಲ್ಲ. ಒಣ ಪಾಸ್ತಾ ಬೇಯೋಕೆ ಸಾಮಾನ್ಯವಾಗಿ 8ರಿಂದ 12 ನಿಮಿಷ ಬೇಕು. ಐದು ನಿಮಿಷಕ್ಕೆ ಬಂತು ಅಂದ್ರೆ ಒಂದೋ ಮುಂಚೆನೇ ಮುಕ್ಕಾಲು ಬೇಯಿಸಿ ಇಟ್ಕೊಂಡಿರ್ತಾರೆ, ಇಲ್ಲಾಂದ್ರೆ ಅದು ಎರಡು ಮೂರು ನಿಮಿಷಕ್ಕೆ ಬೇಯೋ ಫ್ರೆಶ್ ಪಾಸ್ತಾ.

ಅಂಟ್ಕೊಂಡಿದ್ದು ಮಾತ್ರ ತಡ ಮಾಡಿದ್ದಕ್ಕೆ. ಪಾಸ್ತಾ ಬೆಂದ ನೀರಲ್ಲಿ ಗಂಜಿ ಇರತ್ತೆ, ಅದನ್ನೇ ಒಂದು ಸೌಟು ಹಾಕಿ ಎಣ್ಣೆ ಸಾಸ್ ಎಲ್ಲಾ ಒಂದಾಗೋ ಹಾಗೆ ಬಾಣಲೇಲಿ ತಿರುವಿ ಕೊಡೋದು, ಅದು ಆರ್ತಾ ಆರ್ತಾ ಬಿಗಿಯತ್ತೆ, ಪಾಸ್ತಾನೂ ನೀರು ಹೀರ್ತಾ ಹೋಗತ್ತೆ. ದಯವಿಟ್ಟು ಬಿಸಿ ಇದ್ದಾಗ್ಲೇ ತಿನ್ನಿ, ಮಾತು ಆಮೇಲೆ. ಗಟ್ಟಿ ಆಯ್ತಾ, ಅದೇ ನೀರು ಎರಡು ಚಮಚ ಕೇಳಿ ಹಾಕಿ ಕಲಸಿ.

ಶೇಪ್‌ಪ್ರಿಯ: ತರಕಾರಿ ತಳದಲ್ಲಿ ಉಳಿದಿದ್ದು ಶೇಪ್ ತಪ್ಪಿದ್ದಕ್ಕೆ. ಸ್ಪಗೆಟಿ ನುಣುಪು, ಎಣ್ಣೆ ಬೆಳ್ಳುಳ್ಳಿ ಅಥವಾ ತೆಳು ಟೊಮೆಟೊ ಸಾಸ್ ಅದಕ್ಕೆ ಸರಿ. ತುಂಡು ಇರೋ ಸಾಸಿಗೆ ರಿಗಟೋನಿ ತಗೊಳಿ, ಕೊಳವೆ ಒಳಗೂ ಗೆರೆಗಳಲ್ಲೂ ಸಾಸ್ ಕೂತ್ಕೊಳತ್ತೆ. ಬೊಲೋನ್ಯಾ ಊರಿನವ್ರು ಅವ್ರ ಮಾಂಸದ ಸಾಸನ್ನ ಸ್ಪಗೆಟಿ ಜೊತೆ ತಿನ್ನಲ್ಲ, ಅಗಲ ಪಟ್ಟಿ ಥರ ಇರೋ ತಾಲ್ಯತೆಲ್ಲೆನೇ ಬೇಕು. ಆ ಸಾಸಿನ ರೆಸಿಪಿನ 1982ರಲ್ಲಿ ಅಲ್ಲಿನ ಚೇಂಬರ್ ಆಫ್ ಕಾಮರ್ಸಲ್ಲಿ ಅಧಿಕೃತವಾಗಿ ದಾಖಲು ಮಾಡಿದ್ದಾರೆ, ಪಟ್ಟಿ ಬೆಂದ ಮೇಲೆ 8 ಮಿಲಿಮೀಟರ್ ಅಗಲ ಇರ್ಬೇಕು ಅಂತ್ಲೂ ದಾಖಲೆ ಇದೆ. ಅಷ್ಟು ಅಕ್ಕರೆ ಅವ್ರಿಗೆ, ನಂಗದು ತುಂಬಾ ಇಷ್ಟ.

ಹಸಿರೆಲೆ: ವೆಜ್ ವಿಷ್ಯ ಯಾರೂ ಹೇಳ್ಲಿಲ್ಲ. ಒಣ ಪಾಸ್ತಾ ಸಾಮಾನ್ಯವಾಗಿ ಗೋಧಿ ರವೆ ನೀರು ಅಷ್ಟೇ, ಫ್ರೆಶ್ ಅಂದ್ರೆ ಮೊಟ್ಟೆ ಇರೋ ಚಾನ್ಸ್ ಜಾಸ್ತಿ, 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅನ್ನೋದು ಅಲ್ಲಿನ ಲೆಕ್ಕ. ಕಾರ್ಬೊನಾರಾ ಹತ್ರ ಹೋಗ್ಲೇಬೇಡಿ, ಮೊಟ್ಟೆ ಹಂದಿಮಾಂಸ ಎರಡೂ ಇರತ್ತೆ. ಪುತ್ತನೆಸ್ಕಾ ನೋಡೋಕೆ ಬರೀ ಟೊಮೆಟೊ, ಒಳಗೆ ಆಂಚೊವಿ ಮೀನು. ನಂಗೆ ವರ್ಷಗಟ್ಟಲೆ ಗೊತ್ತಿಲ್ದೇ ಇದ್ದಿದ್ದು ಚೀಸ್ ಕಥೆ: ಪಾರ್ಮಿಜಾನೊ ರೆಜ್ಜಾನೊಗೆ ಹಾಲು ಒಡೆಯೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ಟೇ ಹಾಕೋದು, ಪೆಕೊರಿನೊ ರೊಮಾನೊಗೆ ಕುರಿಮರಿದು. ಬೇಸಿಲ್ ಎಲೆ ಅರೆದು ಮಾಡೋ ಪೆಸ್ತೊ ಸಾಸಲ್ಲೂ ಇದೇ ಥರ ಚೀಸ್ ಇರತ್ತೆ. ಅದಕ್ಕೆ ಅಲಿಯೊ ಎ ಒಲಿಯೊ (ಬೆಳ್ಳುಳ್ಳಿ ಎಣ್ಣೇದು) ಇಲ್ಲಾ ಅರಾಬಿಯಾತಾ (ಖಾರದ ಟೊಮೆಟೊ ಸಾಸ್) ಹೇಳಿ, ಒಣ ಪಾಸ್ತಾ, ಚೀಸ್ ಬೇಡ ಅಂತ ಮೊದ್ಲೇ ಹೇಳಿ. ಮೊಟ್ಟೆ ಇರೋ ಪಾಸ್ತಾ ಬೇಯಿಸಿದ ನೀರಲ್ಲೇ ನಿಮ್ಮ ಪಾಸ್ತಾನೂ ಬೇಯಿಸ್ತಾರಾ ಅಂತಾನೂ ಕೇಳಿ.

ಹೊಸರುಚಿ: ಎಲ್ರಿಗೂ ಥ್ಯಾಂಕ್ಸ್, ಚೀಸ್ ವಿಷ್ಯ ಕೇಳಿ ನಿಜವಾಗ್ಲೂ ಶಾಕ್ ಆಯ್ತು. ನಾಳಿದ್ದು ರಿಗಟೋನಿ ಅರಾಬಿಯಾತಾ. ಅಮ್ಮಂಗೆ ಪಾರ್ಸೆಲ್ ತರಬಹುದಾ?

ಬಿಸಿಬಾಣಲೆ: ಸಾಸ್ ಬೇರೆ ಪಾಸ್ತಾ ಬೇರೆ ಕಟ್ಟಿಸ್ಕೊಳಿ, ಪಾಸ್ತಾ ಒಂದು ನಿಮಿಷ ಕಮ್ಮಿ ಬೇಯಿಸೋಕೆ ಹೇಳಿ, ಮನೇಲಿ ಬಾಣಲೇಲಿ ಸೇರಿಸಿ ಬಿಸಿ ಮಾಡಿ ಕೊಡಿ.