ಸೀಪ್ಲೇನ್ ಹಾರುವ ಮೊದಲೇ ಹೇಗೆ ಅಪಘಾತ ಆಗುತ್ತದೆ?

ಹಿರಿಯೂರಿನಿಂದ:
ಮಗಳು, ಅಳಿಯ ಮುಂದಿನ ತಿಂಗಳು ಮಾಲ್ಡೀವ್ಸ್‌ಗೆ ಹೊರಟಿದ್ದಾರೆ. ಮಾಲೆಯಿಂದ ದ್ವೀಪಕ್ಕೆ ಸೀಪ್ಲೇನ್ ಅಂತೆ, ನೀರಿನ ಮೇಲೇ ಇಳಿದು ಏಳುವ ವಿಮಾನ. 2024ರ ಜೂನ್‌ನಲ್ಲಿ ಕೆನಡಾದ ವ್ಯಾಂಕೂವರ್ ಬಂದರಿನಲ್ಲಿ ಸೀಪ್ಲೇನ್ ಮೇಲೇಳುವಾಗ ದೋಣಿಗೆ ಗುದ್ದಿತಲ್ಲ, ಆ ವಿಡಿಯೊ ನೋಡಿ ನಮ್ಮ ಮನೆಯವರಿಗೆ ನಿದ್ದೆಯಿಲ್ಲ. ಇನ್ನೂ ನೀರಿನ ಮೇಲೇ ಇರುವಾಗ ಹೇಗೆ ಹೀಗಾಗುತ್ತದೆ? ತಿಳಿದವರು ಬಿಡಿಸಿ ಹೇಳಿ.

ದಾವಣಗೆರೆಯವನು, ಸೀಪ್ಲೇನ್ ಮೆಕ್ಯಾನಿಕ್ ಆಗಿದ್ದೆ:
ಸರ್, ವ್ಯಾಂಕೂವರ್ ಘಟನೆಯಲ್ಲಿ ಯಾರೂ ಸಾಯಲಿಲ್ಲ, ಅಕ್ಕನಿಗೆ ಮೊದಲು ಅದನ್ನು ಹೇಳಿ.

ನೀರಿನಲ್ಲಿ ವಿಮಾನಕ್ಕೆ ಬ್ರೇಕ್ ಇಲ್ಲ. ಒಂದೇ ಇಂಜಿನ್ ಇದ್ದರೆ ಸ್ಟಾರ್ಟ್ ಆದ ಕ್ಷಣದಿಂದಲೇ ಮುಂದಕ್ಕೆ ಹೊರಡುತ್ತದೆ. ಬಾಲಕ್ಕೆ ಗಾಳಿ ಬಡಿದು ಮೂತಿ ಗಾಳಿಯ ಕಡೆಗೇ ತಿರುಗುತ್ತದೆ. ವೇಗ ಹಿಡಿಯುವಾಗ ಮೂತಿ ಮೇಲೇಳುತ್ತದೆ, ಸ್ವಲ್ಪ ಹೊತ್ತು ಪೈಲಟ್‌ಗೆ ಮುಂದಿನದು ಸರಿಯಾಗಿ ಕಾಣುವುದಿಲ್ಲ. ಆ ಓಟದಲ್ಲೇ ಜೋರಾಗಿ ತಿರುಗಿಸಿದರೆ ಹೊರಗಡೆಯ ಫ್ಲೋಟ್ ನೀರಿಗೆ ಇಳಿದು, ರೆಕ್ಕೆ ತಾಗಿ, ಮಗುಚುತ್ತದೆ.

ಫ್ಲೋಟ್ ಅಂದರೆ ವಿಮಾನದ ಚಕ್ರದ ಜಾಗದಲ್ಲಿರುವ ಉದ್ದನೆಯ ಟೊಳ್ಳು ಡಬ್ಬ. ಒಳಗೆ ಅಡ್ಡಗೋಡೆ ಹಾಕಿ ಕೋಣೆ ಮಾಡಿರುತ್ತಾರೆ. ಬೆಳಗ್ಗೆ ಒಂದೊಂದು ಕೋಣೆಗೂ ಕೈಪಂಪ್ ಹಾಕಿ ನೀರು ಎಳೆಯುವುದು ನಮ್ಮ ಮೊದಲ ಕೆಲಸ. ನಿನ್ನೆಗಿಂತ ಜಾಸ್ತಿ ನೀರು ಬಂತೋ, ಎಲ್ಲೋ ರಿವೆಟ್ ಸಡಿಲ ಆಗಿದೆ ಅಂತಲೇ ಲೆಕ್ಕ. ಹುಡುಕದೆ ಬಿಡುತ್ತಿರಲಿಲ್ಲ.

ಚನ್ನಗಿರಿ ಕಡೆಯವರು:
ನಮ್ಮ ಸೂಳೆಕೆರೆ ಬೆಳಗಿನ ಜಾವ ಕನ್ನಡಿ ಹಾಗೆ ಇರುತ್ತದೆ. ಅಂಥ ನೀರಾದರೆ ಸುಲಭ ಅಲ್ವಾ?

ದಾವಣಗೆರೆಯವನು:
ಉಲ್ಟಾ ಅಣ್ಣ. ನೀರು ಅಲ್ಲಾಡದಿದ್ದರೆ ಫ್ಲೋಟ್ ಕಚ್ಚಿಕೊಂಡು ಬಿಡುವುದೇ ಇಲ್ಲ, ಓಟ ಉದ್ದ ಆಗುತ್ತದೆ. ಪೈಲಟ್ ಮೊದಲು ಒಂದು ಫ್ಲೋಟ್ ಎತ್ತಿ ಬಿಡಿಸಿಕೊಳ್ಳುತ್ತಾರೆ. ಸಣ್ಣ ಅಲೆ ಇದ್ದರೇ ಒಳ್ಳೆಯದು.

ಇದೆಲ್ಲ ಪೈಲಟ್ ನೋಡಿಕೊಳ್ಳುತ್ತಾರೆ. ಪ್ರಯಾಣಿಕರು ತಿಳಿದುಕೊಳ್ಳಬೇಕಾದ್ದು ಬೇರೆ ಇದೆ. 2009ರ ನವೆಂಬರ್‌ನಲ್ಲಿ ಕೆನಡಾದ ಸಟರ್ನಾ ದ್ವೀಪದಲ್ಲಿ ಮೇಲೆದ್ದ ಕೂಡಲೇ ಬೀವರ್ ಎಂಬ ಸಣ್ಣ ಸೀಪ್ಲೇನ್ ಒಂದು ನೀರಿಗೆ ಬಿತ್ತು. ಎಂಟು ಜನರಲ್ಲಿ ಆರು ಜನ ತೀರಿಕೊಂಡರು. ಒಳಗೇ ಸಿಕ್ಕಿಕೊಂಡು ಮುಳುಗಿದರು. ಬಾಗಿಲು, ಕಿಟಕಿ ಬೇಗ ತೆರೆಯುವಂತಿರಬೇಕು ಅಂತ ಅಲ್ಲಿನ ತನಿಖೆಯವರು ಒತ್ತಿ ಹೇಳಿದ್ದು ಅದಕ್ಕೇ. ನನಗೆ ಈಗಲೂ ಸಂಕಟ ಆಗುವುದು ಇದೇ ವಿಷಯಕ್ಕೆ.

ಹಿರಿಯೂರಿನಿಂದ:
ಹಾಗಾದರೆ ಮಗಳಿಗೆ ಏನು ಹೇಳಲಿ ತಮ್ಮಾ?

ದಾವಣಗೆರೆಯವನು:
ಮಾಲ್ಡೀವ್ಸ್‌ನಲ್ಲಿ ಓಡುವುದು ಹೆಚ್ಚಾಗಿ ಟ್ವಿನ್ ಆಟರ್ ಎಂಬ ವಿಮಾನ, ಎರಡು ಇಂಜಿನ್, ಇಬ್ಬರು ಪೈಲಟ್. ಧೈರ್ಯವಾಗಿ ಹೋಗಲಿ. ಕೂತ ಕೂಡಲೇ ಬಾಗಿಲು ಎಷ್ಟು ಸೀಟಿನ ಆಚೆ ಇದೆ ಅಂತ ಕೈಯಿಂದ ಮುಟ್ಟಿ ಎಣಿಸಿಕೊಳ್ಳಲಿ. ತಲೆಕೆಳಗಾದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಮಗುಚಿದರೆ ಒಂದು ಕೈಯಲ್ಲಿ ಬಾಗಿಲಿನ ಕಡೆಯ ಯಾವುದಾದರೂ ಹಿಡಿ ಗಟ್ಟಿಯಾಗಿ ಹಿಡಿದು, ಆಮೇಲೆ ಬೆಲ್ಟ್ ಬಿಚ್ಚಲಿ. ಲೈಫ್ ಜಾಕೆಟ್ ಒಳಗೆ ಊದಲೇಬಾರದು. ಊದಿದರೆ ಚಾವಣಿಗೆ ಒತ್ತಿಕೊಂಡು ಹೊರಗೆ ಬರಲು ಆಗುವುದಿಲ್ಲ. ಹೊರಗೆ ಬಂದ ಮೇಲೆ ಅದರ ದಾರ ಎಳೆದು ಊದಿಸಲಿ. ಮೊಬೈಲ್, ಬ್ಯಾಗ್ ಅಲ್ಲೇ ಬಿಡಲಿ.