ಕೆರಟೋಕೋನಸ್‌ಗೆ ಕಾರ್ನಿಯಾ ಕಸಿ ಮಾಡಿಸಿಕೊಂಡವರು ಇದ್ದೀರಾ? ಮೊದಲ ಕೆಲವು ವಾರ ಹೇಗಿರುತ್ತದೆ?

ಪ್ರಶ್ನೆ: ಹುಬ್ಬಳ್ಳಿ ಹುಡುಗ

ಎಲ್ಲರಿಗೂ ನಮಸ್ಕಾರ. ನನಗೆ 24 ವರ್ಷ, ಮೊಬೈಲ್ ರಿಪೇರಿ ಮಾಡುತ್ತೇನೆ. ಪಿಯುಸಿಯಲ್ಲಿದ್ದಾಗಿನಿಂದ ಕನ್ನಡಕದ ನಂಬರು ಬದಲಾಗುತ್ತಲೇ ಇತ್ತು. ಈಗ ಎರಡೂ ಕಣ್ಣಿಗೆ ಕೆರಟೋಕೋನಸ್, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾ ತೆಳುವಾಗಿ ಮುಂದಕ್ಕೆ ಉಬ್ಬುವ ರೋಗ ಎಂದಿದ್ದಾರೆ. ಬಲಗಣ್ಣಿಗೆ ಕಾರ್ನಿಯಾ ಗಟ್ಟಿ ಮಾಡುವ ಕ್ರಾಸ್‌ಲಿಂಕಿಂಗ್ ಚಿಕಿತ್ಸೆ ಸಾಕಂತೆ. ಎಡಗಣ್ಣಿನ ಕಾರ್ನಿಯಾ ತೀರಾ ತೆಳುವಾಗಿ ನಡುವೆ ಕಲೆ ಬಿದ್ದಿದೆ, ಲೆನ್ಸ್ ಹಾಕಿ ನೋಡಿದರೂ ಅಕ್ಷರ ಹಿಡಿತಕ್ಕೆ ಬರಲಿಲ್ಲ. ಅದಕ್ಕೆ ಡಾಲ್ಕ್ ಎಂಬ ಕಸಿ ಮಾಡಬೇಕು ಎಂದಿದ್ದಾರೆ.

ತುಂಬಾ ನೋಯುತ್ತದೆಯೇ? ಯಾವಾಗ ಕಾಣಲು ಶುರುವಾಗುತ್ತದೆ? ಅಂಗಡಿಗೆ ಎಷ್ಟು ದಿನ ಹೋಗುವಂತಿಲ್ಲ? ನನ್ನದು ಸಾಲ್ಡರಿಂಗ್ ಹೊಗೆಯ ನಡುವಿನ ಕೆಲಸ. ಇನ್ನೊಂದು ಮಾತು. ‘ಸತ್ತವರ ಕಣ್ಣು ನಿನಗೆ ಹಾಕುತ್ತಾರಾ’ ಎಂದು ಅಮ್ಮ ಅಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ದಾವಣಗೆರೆ ಟೈಲರ್ ಅಕ್ಕ

ತಮ್ಮಾ, ನಾನು ಬ್ಲೌಸ್ ಹೊಲಿದು ಸಂಸಾರ ತೂಗಿಸುವವಳು. ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನನ್ನ ಎಡಗಣ್ಣಿಗೂ ಇದೇ ಡಾಲ್ಕ್ ಆಯಿತು. ನಿನ್ನ ಅಂಗಡಿಯ ಚಿಂತೆ ನನಗೆ ಬಿಡಿಸಿ ಹೇಳಬೇಕಿಲ್ಲ.

ಮೊದಲು ಅಮ್ಮನ ವಿಷಯ. ಇಡೀ ಕಣ್ಣನ್ನು ಯಾರೂ ಬದಲಿಸುವುದಿಲ್ಲ. ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪದರವೇ ಕಾರ್ನಿಯಾ, ಅರ್ಧ ಮಿಲಿಮೀಟರಿನಷ್ಟು ದಪ್ಪ. ಡಾಲ್ಕ್‌ನಲ್ಲಿ ಅದನ್ನೂ ಪೂರ್ತಿ ತೆಗೆಯುವುದಿಲ್ಲ. ಕಟ್ಟಕಡೆಯ ಒಳಪದರ ನಿನ್ನದೇ ಉಳಿಯುತ್ತದೆ. ರಕ್ತದ ಗುಂಪು ಹೊಂದಬೇಕೆಂಬ ಕಟ್ಟುಪಾಡೂ ಇಲ್ಲ. 2021ರ ಅಕ್ಟೋಬರ್‌ನಲ್ಲಿ ಅಪ್ಪು ತೀರಿಕೊಂಡಾಗ ಪುನೀತ್ ರಾಜ್‌ಕುಮಾರ್ ಅವರ ಎರಡು ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಅಮ್ಮನಿಗೆ ನೆನಪಿರಬಹುದು. ಕಾರ್ನಿಯಾದ ಮುಂಪದರ ಇಬ್ಬರಿಗೆ, ಹಿಂಪದರ ಇನ್ನಿಬ್ಬರಿಗೆ. ನಿನ್ನಂಥವರಿಗೆ ಬೇಕಾಗುವುದು ಆ ಮುಂಭಾಗವೇ. ನಮ್ಮ ಅತ್ತೆಗೂ ಇದೇ ಅಳುಕಿತ್ತು, ಇದನ್ನು ಹೇಳಿದ ಮೇಲೆ ಸುಮ್ಮನಾದರು. ನನಗೆ ಕೊಟ್ಟವರು ಯಾರೆಂದು ನಮಗೆ ತಿಳಿಸಿಲ್ಲ. ಅತ್ತೆ ಮಾತ್ರ ದೀಪ ಹಚ್ಚುವಾಗ ‘ಆ ಮನೆಯವರು ಚೆನ್ನಾಗಿರಲಿ’ ಎಂದು ಕೈ ಮುಗಿಯುತ್ತಾರೆ.

ಶಸ್ತ್ರಚಿಕಿತ್ಸೆಯ ದಿನ ಕಣ್ಣಿನ ಪಕ್ಕಕ್ಕೆ ಇಂಜೆಕ್ಷನ್ ಕೊಟ್ಟರು. ಚುರುಕೆಂದದ್ದು ಅದೊಂದೇ. ಆಮೇಲೆ ಮಾತು ಕೇಳುತ್ತಿತ್ತು, ಒತ್ತಿದ್ದು ತಿಳಿಯುತ್ತಿತ್ತು, ನೋವು ಮಾತ್ರ ಇರಲಿಲ್ಲ. ಅಲುಗಾಡದೆ ಮಲಗಿರುವುದೇ ಕಷ್ಟವಾಯಿತು. ಆ ರಾತ್ರಿ ಮರಗಟ್ಟಿದ್ದು ಇಳಿದ ಮೇಲೆ ಹುಬ್ಬಿನ ಸುತ್ತ ಸಿಡಿತ, ಒಂದೇ ಸಮನೆ ನೀರು. ಮಾತ್ರೆ ನುಂಗಿ ಮಲಗಿದೆ. ಒಂದೆರಡು ದಿನದಲ್ಲಿ ನೋವು ತಗ್ಗಿತು, ಕಿರಿಕಿರಿ ಉಳಿಯಿತು.

ಕಟ್ಟು ಬಿಚ್ಚಿದ ಗಳಿಗೆಯಲ್ಲೇ ಎಲ್ಲ ಕಂಡುಬಿಡುತ್ತದೆ ಎಂದು ಕಾಯಬೇಡ. ನನಗೆ ಕಂಡದ್ದು ಬೆಳಕು, ಮಬ್ಬು, ಎದುರಿಗಿದ್ದವರ ಆಕಾರ. ಡಾಕ್ಟರ್ ಪರದೆಯ ಮೇಲೆ ನನ್ನ ಕಣ್ಣಿನ ಚಿತ್ರ ತೋರಿಸಿದರು. ದುಂಡಗಿನ ಕಸಿಯ ಅಂಚಿನ ಸುತ್ತ ಹದಿನಾರು ಹೊಲಿಗೆ, ಸಮನಾದ ಅಂತರದಲ್ಲಿ. ದಾರ ನೈಲಾನ್, ತಲೆಕೂದಲಿಗಿಂತ ಸಣ್ಣದು, ಗಂಟುಗಳನ್ನೆಲ್ಲ ಒಳಗೆ ಹುದುಗಿಸಿದ್ದರು. ಅಷ್ಟು ನಾಜೂಕಾದ ಕೈಗೆಲಸ ನಾನು ಬೇರೆಲ್ಲೂ ನೋಡಿಲ್ಲ. ಒಂದು ಎಳೆ ಬಿಗಿಯಾದರೆ ಬಟ್ಟೆ ಹೇಗೆ ಸುಕ್ಕುಗಟ್ಟುತ್ತದೋ ಕಾರ್ನಿಯಾವೂ ಹಾಗೆ ಎಳೆದುಕೊಳ್ಳುತ್ತದಂತೆ, ಅದರಿಂದಲೇ ಅಕ್ಷರಕ್ಕೆ ನೆರಳು ಬೀಳುತ್ತದೆ. ತಿಂಗಳುಗಳು ಕಳೆದ ಮೇಲೆ ಸ್ಕ್ಯಾನ್ ನೋಡಿ, ಬಿಗಿಯಾದ ಎಳೆಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಕಾರ್ನಿಯಾದಲ್ಲಿ ರಕ್ತನಾಳವಿಲ್ಲದ ಕಾರಣ ಗಾಯ ಕೂಡುವುದು ನಿಧಾನ, ಅದಕ್ಕೇ ಹೊಲಿಗೆ ಅಷ್ಟು ಕಾಲ ಇರಬೇಕು. ನನ್ನವು ಇನ್ನೂ ಕೆಲವು ಉಳಿದಿವೆ. ನಂಬರು ನಿಲ್ಲುವುದು ಅವೆಲ್ಲ ಹೋದ ಮೇಲೆ. ಆಗಲೂ ಕನ್ನಡಕವೋ ಲೆನ್ಸೋ ಬೇಕಾಗಬಹುದು.

ಮನೆಗೆ ಬಂದ ಮೇಲಿನ ದೊಡ್ಡ ಕೆಲಸವೆಂದರೆ ಡ್ರಾಪ್ಸ್. ಮೊದಮೊದಲು ಹಗಲೆಲ್ಲ ಅದೇ. ಸ್ಟೀರಾಯ್ಡ್ ಬಾಟಲಿಯನ್ನು ಚೆನ್ನಾಗಿ ಕುಲುಕಬೇಕು, ಮದ್ದು ತಳದಲ್ಲಿ ಕೂತಿರುತ್ತದೆ. ಒಂದು ಹನಿಗೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು, ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ನನ್ನ ಮಗಳು ಗೋಡೆಯ ಕ್ಯಾಲೆಂಡರಿನ ಹಿಂದೆ ಗೆರೆ ಹಾಕಿ ಪ್ರತಿ ಹನಿಗೂ ಗುರುತು ಮಾಡುತ್ತಿದ್ದಳು. ಸ್ನಾನಕ್ಕೆ ತಲೆ ಹಿಂದಕ್ಕೆ ಬಾಗಿಸಿ ಕೂರಿಸಿ ಕೂದಲಿಗೆ ಮಾತ್ರ ನೀರು ಹಾಕುತ್ತಿದ್ದಳು. ಮೆಣಸಿನಕಾಯಿ ಒಗ್ಗರಣೆಯ ಹೊತ್ತಿಗೆ ನಾನು ಪಡಸಾಲೆಯಿಂದಲೂ ಎದ್ದು ಹೊರಗೆ ಹೋಗುತ್ತಿದ್ದೆ. ರಾತ್ರಿ ಕಣ್ಣಿನ ಮೇಲೆ ಗಟ್ಟಿ ಶೀಲ್ಡ್ ಅಂಟಿಸಿ ಮಲಗಬೇಕು, ನಿದ್ದೆಗಣ್ಣಿನಲ್ಲಿ ಕೈ ಹೋಗಿಬಿಡುತ್ತದೆ. ತುಂಬಿದ ಕೊಡ ಎತ್ತುವುದು, ನೆಲಕ್ಕೆ ಬಗ್ಗಿ ಬಟ್ಟೆ ಕತ್ತರಿಸುವುದು ಬಂದ್.

ನೋಡಲು ಬಂದವರಲ್ಲಿ ಒಬ್ಬರು ನಂದಿಬಟ್ಟಲು ಹೂವಿನ ರಸ ಎಂದರು, ಇನ್ನೊಬ್ಬರು ಹರಳೆಣ್ಣೆ ಎಂದರು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಹೊಲಿಗೆ ಇರುವ ಕಣ್ಣಿಗೆ ಡಾಕ್ಟರ್ ಬರೆದುಕೊಟ್ಟದ್ದನ್ನು ಬಿಟ್ಟು ಒಂದು ತೊಟ್ಟೂ ಬೀಳಬಾರದು. ಈ ವಿಷಯದಲ್ಲಿ ಯಾರ ಮುಲಾಜಿಗೂ ಬೀಳಬೇಡ.

ಕಣ್ಣು ಕೆಂಪಾದರೆ, ಬೆಳಕು ಚುಚ್ಚಿದರೆ, ಇದ್ದ ದೃಷ್ಟಿ ಮಸುಕಾದರೆ, ನೋವು ಹೊಸದಾಗಿ ಶುರುವಾದರೆ ಅವತ್ತೇ ಆಸ್ಪತ್ರೆಗೆ ಹೋಗು. ಸೋಮವಾರ ನೋಡೋಣ ಎನ್ನಬೇಡ. ದೇಹ ಕಸಿಯನ್ನು ತಿರಸ್ಕರಿಸುವ ಲಕ್ಷಣ ಇದೇ, ಬೇಗ ಹೋದರೆ ಸಾಮಾನ್ಯವಾಗಿ ಡ್ರಾಪ್ಸ್‌ನಲ್ಲೇ ಹತೋಟಿಗೆ ಬರುತ್ತದೆ. ಹೊಲಿಗೆ ಸಡಿಲವಾದರೂ ಕಣ್ಣು ಚುಚ್ಚುತ್ತದೆ, ಅದನ್ನೂ ತಡಮಾಡದೆ ತೆಗೆಸಬೇಕು.

ಉತ್ತರ: ಉಡುಪಿ ಉಪನ್ಯಾಸಕ

ನಾನು ಎರಡೂ ಕಣ್ಣಿಗೆ ಕ್ರಾಸ್‌ಲಿಂಕಿಂಗ್ ಮಾಡಿಸಿಕೊಂಡವನು, ಆದ್ದರಿಂದ ನಿಮ್ಮ ಬಲಗಣ್ಣಿನ ಬಗ್ಗೆ ಮಾತ್ರ ಹೇಳುತ್ತೇನೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ರೂಪುಗೊಂಡ ವಿಧಾನವಿದು. ಕಾರ್ನಿಯಾದ ಮೇಲ್ಪೊರೆ ಸರಿಸಿ, ಹಳದಿ ಬಣ್ಣದ ರೈಬೋಫ್ಲಾವಿನ್ ಅಂದರೆ ಬಿ2 ವಿಟಮಿನ್ ಹನಿಗಳನ್ನು ಹಾಕಿ, ಅದರ ಮೇಲೆ ಅತಿನೇರಳೆ ಬೆಳಕು ಬಿಡುತ್ತಾರೆ. ಮೂಲ ವಿಧಾನದಲ್ಲಿ ಆ ಬೆಳಕು 30 ನಿಮಿಷ. ಪ್ರಖರತೆ ಹೆಚ್ಚಿಸಿ ಸಮಯ ಕಡಿಮೆ ಮಾಡುವ ಕ್ರಮವೂ ಇದೆ. ಒಳಗಿನ ಕೊಲಾಜೆನ್ ಎಳೆಗಳ ನಡುವೆ ಹೊಸ ಬೆಸುಗೆ ಬಿದ್ದು ಕಾರ್ನಿಯಾ ಗಟ್ಟಿಯಾಗುತ್ತದೆ.

ನಿಜ ಹೇಳಬೇಕೆಂದರೆ ಮೊದಲ ಎರಡು ಮೂರು ದಿನ ನನಗೆ ಬಹಳ ನೋವಾಯಿತು. ಮೇಲ್ಪೊರೆ ಮತ್ತೆ ಬೆಳೆಯುವ ತನಕ ಒಂದು ಮೆದು ಲೆನ್ಸ್ ಹಾಕಿರುತ್ತಾರೆ. ಪರದೆ ಎಳೆದ ಕೋಣೆ, ಕಪ್ಪು ಕನ್ನಡಕ, ನೋವಿನ ಮಾತ್ರೆ ಸಿದ್ಧವಿರಲಿ. ಇದರಿಂದ ರೋಗ ಮುಂದುವರಿಯುವುದು ನಿಲ್ಲುತ್ತದೆ, ಕನ್ನಡಕ ತಪ್ಪುವುದಿಲ್ಲ. ಸಾಮಾನ್ಯವಾಗಿ 400 ಮೈಕ್ರಾನ್ ದಪ್ಪವಾದರೂ ಉಳಿದಿರಬೇಕು, ಆದ್ದರಿಂದ ಮುಂದೂಡಬೇಡಿ. ಕಣ್ಣುಜ್ಜುವುದನ್ನು ಇವತ್ತೇ ಬಿಡಿ. ಅಲರ್ಜಿಯ ತುರಿಕೆ ಇದ್ದರೆ ಅದಕ್ಕೆ ಬೇರೆ ಡ್ರಾಪ್ಸ್ ಕೇಳಿ ಪಡೆಯಿರಿ.

ಉತ್ತರ: ಮೈಸೂರು ಆಪ್ಟೊಮೆಟ್ರಿಸ್ಟ್

ಡಾಕ್ಟರ್ ಬಳಿ ಕೇಳಬೇಕಾದ ಕೆಲವು ಸಂಗತಿಗಳಿವೆ. ನೀವು ಹಾಕಿ ನೋಡಿದ್ದು ಸಣ್ಣ ಗಟ್ಟಿ ಲೆನ್ಸೋ, ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸೋ? ಕಲೆ ಹಗುರವಾಗಿದ್ದರೆ ಎರಡನೆಯದರಿಂದ ಕಸಿ ತಪ್ಪುವ ಸಾಧ್ಯತೆಯೂ ಇದೆ. ಡಾಲ್ಕ್ ಮಾಡುವಾಗ ಒಳಪದರ ಹರಿದರೆ ಆಗಲೇ ಪೂರ್ಣ ದಪ್ಪದ ಕಸಿಗೆ ಬದಲಿಸಬೇಕಾಗಬಹುದು, ಅದರ ಬಗ್ಗೆ ಮುಂಚೆಯೇ ಮಾತಾಡಿಕೊಳ್ಳಿ. ಸ್ಟೀರಾಯ್ಡ್ ಹಾಕುವಷ್ಟು ಕಾಲ ಕಣ್ಣಿನ ಒತ್ತಡ ಪರೀಕ್ಷೆ ತಪ್ಪಿಸಬೇಡಿ. ತಮ್ಮ, ತಂಗಿ ಇದ್ದರೆ ಅವರಿಗೂ ಒಮ್ಮೆ ಕಾರ್ನಿಯಾ ಸ್ಕ್ಯಾನ್ ಮಾಡಿಸಿ. ಖರ್ಚಿನ ವಿಷಯಕ್ಕೆ ಆಸ್ಪತ್ರೆಯ ಆರೋಗ್ಯ ಕರ್ನಾಟಕ ಕೌಂಟರಿನಲ್ಲಿ ಕಾರ್ಡ್ ತೋರಿಸಿ ವಿಚಾರಿಸಿ.

ಹುಬ್ಬಳ್ಳಿ ಹುಡುಗ

ಎಲ್ಲರಿಗೂ ಧನ್ಯವಾದ. ಅಕ್ಕಾ, ನಿಮ್ಮ ಉತ್ತರವನ್ನು ಅಮ್ಮನಿಗೆ ಓದಿ ಹೇಳಿದೆ. ಅಪ್ಪು ವಿಷಯ ಬಂದಾಗ ‘ಹಾಗಾದರೆ ಮಾಡಿಸಿಕೋ’ ಎಂದರು. ಸ್ಕ್ಲೀರಲ್ ಲೆನ್ಸ್ ಬಗ್ಗೆ ಈ ವಾರವೇ ಕೇಳುತ್ತೇನೆ. ನೀವು ಮತ್ತೆ ಹೊಲಿಗೆಗೆ ಕೂತದ್ದು ಯಾವಾಗ?

ದಾವಣಗೆರೆ ಟೈಲರ್ ಅಕ್ಕ

ಡಾಕ್ಟರ್ ಸರಿ ಎಂದ ಮೇಲೆ ಮೊದಲು ಹುಕ್ಕು, ಗುಂಡಿ, ಹೆಮ್ಮಿಂಗ್, ಮಷಿನ್ ಆಮೇಲೆ. ಇನ್ನೊಂದು ಕಣ್ಣಿನಲ್ಲೇ ಮಾಡುವ ಕೆಲಸವಾದ್ದರಿಂದ ಆರಂಭದಲ್ಲಿ ದೂರದ ಅಂದಾಜು ಸಿಗುವುದಿಲ್ಲ. ದಾರ ಸೂಜಿಯ ಪಕ್ಕಕ್ಕೆ ಹೋಗುತ್ತಿತ್ತು, ಚಹಾ ಲೋಟದ ಅಂಚಿಗೆ ಬೀಳುತ್ತಿತ್ತು. ನೀನು ಬಿಸಿ ಸಾಲ್ಡರ್ ಹಿಡಿಯುವವನು, ಅಂದಾಜು ಕೂಡಿಬರುವ ತನಕ ಅದನ್ನು ಜೊತೆಯವರಿಗೆ ಬಿಡು. ಮುಂದೆಯೂ ಹೊಗೆ ಎಳೆದುಕೊಳ್ಳುವ ಫ್ಯಾನು, ಬದಿ ಮುಚ್ಚುವ ಕನ್ನಡಕ ಇಲ್ಲದೆ ಟೇಬಲ್ಲಿಗೆ ಕೂರಬೇಡ. ಕಸಿಯ ಅಂಚು ಎಷ್ಟು ವರ್ಷವಾದರೂ ಪೆಟ್ಟು ತಡೆಯುವುದಿಲ್ಲ ಎಂದು ನನಗೆ ಒತ್ತಿ ಹೇಳಿದ್ದಾರೆ. ದಿನಾಂಕ ನಿಗದಿಯಾದಾಗ ಇಲ್ಲಿ ಬರೆ. ಡ್ರಾಪ್ಸ್ ಪಟ್ಟಿ ಗೊಂದಲವಾದರೆ ಮಗಳು ಬರೆದ ಹಾಳೆಯ ಫೋಟೊ ಹಾಕುತ್ತೇನೆ, ಗೆರೆ ಹಾಕಿಕೊಳ್ಳಲು ಮಾದರಿಯಾದೀತು. ಮದ್ದು, ಸಮಯ ಮಾತ್ರ ನಿನ್ನ ಡಾಕ್ಟರ್ ಬರೆದುಕೊಟ್ಟದ್ದೇ ಇರಲಿ.